ಪಟಾಕಿ ಹೊಡೆದರೆ ಕುದುರೆ ವಾಪಸ್

ಹಿಂಜವಾಡಿಯಲ್ಲಿ ಕುದುರೆಗಳಿವೆ ಅಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಅವರ ತಪ್ಪೇನಿಲ್ಲ. ಫೇಸ್ ಒಂದರಿಂದ ಮೂರರವರೆಗೆ ಕಾಣುವುದು ಗಾಜಿನ ಕಟ್ಟಡ, ಮೆಟ್ರೋ ಕಂಬ, ಸಂಜೆಯಾದರೆ ವಾಕಡ್ ಸೇತುವೆಯ ತನಕ ನಿಂತ ಕಾರುಗಳ ಸಾಲು. ಆದರೆ ಮಾಣ ಊರು ದಾಟಿ ಒಳರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಭತ್ತದ ಗದ್ದೆ, ಎಮ್ಮೆ ಕೊಟ್ಟಿಗೆ, ಅಲ್ಲಲ್ಲಿ ತಗಡಿನ ಶೆಡ್ಡುಗಳು ಕಾಣುತ್ತವೆ. ಅಂಥ ಒಂದೆರಡು ಶೆಡ್ಡುಗಳಲ್ಲಿ ಮದುವೆ ಕುದುರೆಗಳಿವೆ. ಜರಿ ಹೊದ್ದು, ತಲೆಗೆ ತುರಾಯಿ ಕಟ್ಟಿಸಿಕೊಂಡು, ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ನಿಲ್ಲುವ ಬಿಳಿ ಕುದುರೆ ಇದೆಯಲ್ಲ, ಅದು ದಿನದ ಉಳಿದ ಇಪ್ಪತ್ತೆರಡು ಗಂಟೆ ಕಳೆಯುವುದು ಇಂಥಲ್ಲಿ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ಕಟ್ಟಡದ ಸೆಕ್ಯೂರಿಟಿ ಸೂಪರ್‌ವೈಸರ್. ಜತ್ತ ತಾಲೂಕಿನವರು. ಜಿಲ್ಲೆ ಸಾಂಗ್ಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ನಾನು ಗೇಟಿನ ಹತ್ತಿರ ನಿಂತು ವಿಜಯಪುರದಲ್ಲಿರುವ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ "ಯಾವೂರ್ರಿ ಸಾಹೇಬ್ರ ನಿಮ್ದು?" ಎಂದು ಕೇಳಿದ್ದರು. ಎರಡು ವಾರದಲ್ಲಿ ನಾನು ಸಾಹೇಬ ಹೋಗಿ ತಮ್ಮ ಆದೆ, ಅವರು ಕಾಕಾ ಆದರು. ಸೈನ್ಯದಲ್ಲಿ ಅವರು ಅನಿಮಲ್ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿದ್ದವರು. ಹಿಮದ ಹಾದಿಯಲ್ಲಿ ಟ್ರಕ್ಕು ಹೋಗದ ಠಾಣ್ಯಗಳಿಗೆ ಹೇಸರಗತ್ತೆಯ ಬೆನ್ನ ಮೇಲೆ ಅಕ್ಕಿ, ಬೇಳೆ, ಸೀಮೆಎಣ್ಣೆ ಮುಟ್ಟಿಸುವ ಕೆಲಸ. ಅಲ್ಲಿ ಹೇಸರಗತ್ತೆ ನಡೆಸುವವನಿಗೂ ಡ್ರೈವರ್ ಅಂತಲೇ ಹೆಸರು. "ನಂದು ಡ್ರೈವಿಂಗ್ ಲೈಸನ್ಸ್ ಇಲ್ಲ, ಆದ್ರ ಡ್ರೈವರ್ ಅಂತ ಪೆನ್ಶನ್ ಬರತೈತಿ" ಎಂದು ಕಾಕಾ ನಗುತ್ತಾರೆ.

ಹೋದ ವರ್ಷದ ಬೇಸಿಗೆಯ ಮಾತು. ಅಲ್ಲಿನ ಶೆಡ್ಡಿನವರೊಬ್ಬರ ಹತ್ತಿರ ಆರು ವರ್ಷದ ಬಿಳಿ ಹೆಣ್ಣುಕುದುರೆಯಿತ್ತು, ಹೆಸರು ರಾಣಿ. ತೊಗಲು ಗುಲಾಬಿ, ಕೂದಲು ಬಿಳಿ. ಇಂಥವಕ್ಕೆ ನುಕ್ರಾ ಅನ್ನುತ್ತಾರೆ, ಮದುವೆ ಸೀಜನ್ನಿನಲ್ಲಿ ಇವಕ್ಕೇ ಬೇಡಿಕೆ. ಮೇ ತಿಂಗಳ ಒಂದು ಮದುವೆಯಲ್ಲಿ ಯಾರೋ ಪಟಾಕಿ ಸರವನ್ನು ಅದರ ಕಾಲ ಹತ್ತಿರವೇ ಹಚ್ಚಿದರು. ರಾಣಿ ಎರಡು ಕಾಲ ಮೇಲೆ ನಿಂತಿತು, ಮದುಮಗ ಬಿದ್ದ, ಅವನಿಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಕುದುರೆ ಜರಿ ಸಮೇತ ರಸ್ತೆಗೆ ಓಡಿತು. ಎರಡು ಕಿಲೋಮೀಟರ್ ಆಚೆ ಸಿಕ್ಕಾಗ ಮುಂಗಾಲಿನ ತೊಗಲು ಕಿತ್ತಿತ್ತು. ಗಾಯ ಮೂರು ವಾರದಲ್ಲಿ ಮಾಯಿತು. ಆದರೆ ಅಂದಿನಿಂದ ಯಾರನ್ನೂ ಎಡಗಡೆಯಿಂದ ಹತ್ತಿರ ಬಿಡುತ್ತಿರಲಿಲ್ಲ. ಬಕೆಟ್ ಬಿದ್ದರೆ, ಬೈಕ್ ಸ್ಟಾರ್ಟ್ ಆದರೆ, ತಗಡಿನ ಮೇಲೆ ಮಳೆ ಬಿದ್ದರೆ ಗೋಡೆಗೆ ಒತ್ತಿಕೊಂಡು ಬೆವರುತ್ತಿತ್ತು.

ಮಾಲೀಕರನ್ನು ನಾವು ಭಾವೂ ಅನ್ನುತ್ತೇವೆ. ಕುದುರೆ ಕೊಳ್ಳಲು ಸಾಲ ತೆಗೆದಿದ್ದರು. ಮೇವು, ಹೊಟ್ಟು, ಕಡಲೆ, ಲಾಳ ಎಲ್ಲ ಸೇರಿ ದಿನಕ್ಕೆ 300 ರೂಪಾಯಿ ಕೈಬಿಡುತ್ತಿತ್ತು, ಕುದುರೆ ದುಡಿದರೂ ಅಷ್ಟೇ, ದುಡಿಯದಿದ್ದರೂ ಅಷ್ಟೇ. ತುಳಸಿ ಲಗ್ನ ಮುಗಿದ ಮೇಲೆ ಮದುವೆಗಳು ಶುರು. ಅಷ್ಟರೊಳಗೆ ರಾಣಿ ಸರಿಹೋಗದಿದ್ದರೆ ದೀಪಾವಳಿಯ ಹೊತ್ತಿಗೆ ಅಕಲೂಜದ ಕುದುರೆ ಸಂತೆಗೆ ಹೊಡೆಯುವುದು ಅಂತ ತೀರ್ಮಾನವಾಗಿತ್ತು. ಹೆದರುವ ಕುದುರೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇಂಥ ಕುದುರೆಗೆ ಈ ಧಂದೆಯಲ್ಲಿ ಒಂದು ಹಳೆಯ ಔಷಧವಿದೆ. ಎರಡು ಕಡೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟುವುದು, ಬಾಯಿಗೆ ಮುಳ್ಳಿನ ಕಡಿವಾಣ ಹಾಕುವುದು, ಎದುರಿಗೆ ಪಟಾಕಿ ಹಚ್ಚುತ್ತಲೇ ಇರುವುದು. ಮೊದಲು ಎಗರುತ್ತದೆ, ಆಮೇಲೆ ನಡುಗುತ್ತದೆ, ಕಡೆಗೆ ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ. ಕುದುರೆ ಕಲಿತಿತು ಅನ್ನುತ್ತಾರೆ. ಕಲಿತಿರುವುದು ಇಷ್ಟೇ: ನಾನು ಏನು ಮಾಡಿದರೂ ಇದು ನಿಲ್ಲುವುದಿಲ್ಲ. ಮುಳ್ಳಿನ ಕಡಿವಾಣ ನಮ್ಮ ದೇಶದಲ್ಲಿ ಕಾನೂನಿಗೇ ವಿರುದ್ಧ. 1965ರ ನಿಯಮಗಳಲ್ಲಿ ಅದನ್ನು ನಿಷೇಧಿಸಿದ್ದಾರೆ. ಅದೇ ನಿಯಮಗಳಲ್ಲಿ ತಟ್ಟುವಿನ ಮೇಲೆ 70 ಕಿಲೋ, ಹೇಸರಗತ್ತೆಯ ಮೇಲೆ 200 ಕಿಲೋಗಿಂತ ಹೆಚ್ಚು ಹೊರೆ ಹೇರಬಾರದು ಅಂತಲೂ ಇದೆ. ಮದುವೆ ಮೆರವಣಿಗೆಯಲ್ಲಿ ಕುದುರೆಯ ಬಾಯಿ ತೆರೆದು ನೋಡುವವರು ಯಾರು? ಭಾವೂ ಒಳ್ಳೆಯ ಮನುಷ್ಯ, ಮುಳ್ಳು ಇಟ್ಟುಕೊಂಡಿರಲಿಲ್ಲ. ಆದರೆ ತರಲು ಹೊರಟಿದ್ದರು. ಆಗ ಕಾಕಾ ನಡುವೆ ಬಾಯಿ ಹಾಕಿದರು. "ದೀಪಾವಳಿ ತನಾ ನನ್ನ ಕೈಯಾಗ ಕೊಡ್ರಿ. ರೊಕ್ಕಾ ಬ್ಯಾಡ."

ನಾನು ಶನಿವಾರ ಬೆಳಿಗ್ಗೆ ಹೋಗತೊಡಗಿದ್ದು ಜೂನಿನಿಂದ. ಮೊದಲ ದಿನ ಕಾಕಾ ಏನು ಮಾಡುತ್ತಾರೋ ಎಂದು ಆಸೆಯಿಂದ ನೋಡಿದೆ. ಅವರು ಬಕೆಟ್ ಬೋರಲು ಹಾಕಿ, ಕುದುರೆಗೆ ಹೆಗಲು ತಿರುಗಿಸಿ ಕೂತರು. ನಲವತ್ತು ನಿಮಿಷ ಕೂತರು. ಬೀಡಿ ಕೂಡ ಸೇದಲಿಲ್ಲ. ಎರಡನೇ ಶನಿವಾರವೂ ಅಷ್ಟೇ. ಮೂರನೆಯ ಶನಿವಾರ ಎದ್ದು ಎರಡು ಹೆಜ್ಜೆ ಅದರ ಕಡೆ ಹೋದರು. ರಾಣಿ ಕಿವಿ ಹಿಂದಕ್ಕೆ ಒತ್ತುವ ಮೊದಲೇ, ಬರೀ ಕತ್ತು ಬಿಗಿ ಹಿಡಿಯುವಷ್ಟರಲ್ಲಿ, ತಿರುಗಿ ಬಂದುಬಿಟ್ಟರು. ಮತ್ತೆ ಎರಡು ಹೆಜ್ಜೆ, ಮತ್ತೆ ವಾಪಸ್. ಇದೇನು ಆಟ ಎಂದು ಕೇಳಿದೆ.

"ಅದು ಹೋಗು ಅಂತು, ನಾ ಹ್ವಾದೆ. ಅದರ ಮಾತು ನಡೀತೈತಿ ಅನ್ನೂದು ಅದಕ್ಕ ಮೊದಲ ತಿಳೀಬೇಕು ತಮ್ಮಾ."

ಬರೆದರೆ ಒಂದು ಸಾಲು. ಆದರೆ ಆ ತಿಂಗಳು ನಾನು ಕಣ್ಣಾರೆ ಕಂಡದ್ದೆಲ್ಲ ಈ ಒಂದು ಸಾಲಿನ ವಿಸ್ತರಣೆ. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಅದು ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕುರುಡು ಜಾಗ ಎರಡೇ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ವಿಜಯಪುರದ ಟಾಂಗಾ ಕುದುರೆಗಳ ಕಣ್ಣಿನ ಪಕ್ಕ ಚರ್ಮದ ಪಟ್ಟಿ ಕಟ್ಟುವುದು ಈ ಸುತ್ತಿನ ನೋಟವನ್ನು ಕತ್ತರಿಸಲಿಕ್ಕೆ. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಹೋಗಬಾರದು ಅನ್ನುವ ಗಾದೆಯ ಮೊದಲರ್ಧಕ್ಕೆ ಕಾರಣ ಆ ಕುರುಡು ಜಾಗ. ಉತ್ತರಾರ್ಧಕ್ಕೆ ಅಪ್ರೈಸಲ್ ತಿಂಗಳು ಸಾಕ್ಷಿ. ಕಿವಿಯ ಕಥೆ ಇನ್ನೂ ದೊಡ್ಡದು. ನಮಗೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ ಕುದುರೆಗೆ 33ರ ಆಸುಪಾಸಿನವರೆಗೆ ಕೇಳಿಸುತ್ತದೆ. ಒಂದೊಂದು ಕಿವಿಯನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಬಲ್ಲದು. ಕಾಕಾ ರಾಣಿಯ ಮುಖ ನೋಡುತ್ತಲೇ ಇರಲಿಲ್ಲ, ಕಿವಿ ನೋಡುತ್ತಿದ್ದರು. ಒಂದು ಕಿವಿ ಕಾಕಾನ ಕಡೆ, ಇನ್ನೊಂದು ನನ್ನ ಕಡೆ ಇದ್ದರೆ ಲೆಕ್ಕಾಚಾರ ನಡೆದಿದೆ ಅಂತ. ಎರಡೂ ಪಕ್ಕಕ್ಕೆ ಜೋತು, ಹಿಂಗಾಲೊಂದು ಸಡಿಲಾಗಿ, ನಾಲಿಗೆಯಿಂದ ತುಟಿ ಸವರಿಕೊಂಡರೆ ಆವತ್ತಿನ ಪಾಠ ಮುಗಿಯಿತು ಅಂತ. ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ಮಾಡುತ್ತಿರಲಿಲ್ಲ.

ಮುಟ್ಟಲು ಬಿಟ್ಟದ್ದು ಜುಲೈನಲ್ಲಿ. ಕಾಕಾ ಮುಖ ಸವರಲಿಲ್ಲ, ಕತ್ತು ತಟ್ಟಲಿಲ್ಲ. ಕತ್ತು ಬೆನ್ನಿಗೆ ಕೂಡುವ ಕಡೆ ಒಂದು ಉಬ್ಬಿರುತ್ತದಲ್ಲ, ಅಲ್ಲಿ ಬೆರಳಿನಿಂದ ತುರಿಸಿದರು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಅಲ್ಲಿ ತುರಿಸಿದರೆ ಕುದುರೆಯ ಎದೆಬಡಿತ ಇಳಿಯುತ್ತದೆಂದು ಫ್ರಾನ್ಸಿನ ಇಬ್ಬರು ಸಂಶೋಧಕರು 1993ರಲ್ಲಿ ಅಳತೆ ಮಾಡಿ ಪ್ರಕಟಿಸಿದ್ದಾರೆ. ನಾನು ಇದನ್ನು ಓದಿ ಹೇಳಿದಾಗ ಕಾಕಾ, "ಅವ್ರು ಅಳದ್ರು, ಹೇಸರಗತ್ತಿ ನನಗ ಪುಕ್ಕಟ ಹೇಳಿತ್ತು" ಅಂದರು.

ಕಾಕಾನ ಶಾಲೆ ಹೇಸರಗತ್ತೆಯೇ. ಗಂಡುಕತ್ತೆ, ಹೆಣ್ಣುಕುದುರೆಗೆ ಹುಟ್ಟುವ ಈ ಪ್ರಾಣಿಗೆ ಕ್ರೋಮೋಸೋಮು 63. ಕುದುರೆಗೆ 64, ಕತ್ತೆಗೆ 62. ಬೆಸಸಂಖ್ಯೆಯಾದ್ದರಿಂದ ಜೋಡಿ ಕೂಡುವುದಿಲ್ಲ, ಮರಿ ಆಗುವುದಿಲ್ಲ. ಸ್ವಭಾವದಲ್ಲಿ ಮಾತ್ರ ಎರಡರದೂ ಬಂದಿದೆ. ಬಯಲಲ್ಲಿ ಬೆಳೆದ ಕುದುರೆ ಹೆದರಿದರೆ ಓಡುತ್ತದೆ. ಕಲ್ಲುಗುಡ್ಡದಲ್ಲಿ ಬೆಳೆದ ಕತ್ತೆ ಹೆದರಿದರೆ ನಿಂತು ಯೋಚಿಸುತ್ತದೆ, ಅಲ್ಲಿ ಕಣ್ಣುಮುಚ್ಚಿ ಓಡಿದವನಿಗೆ ಪ್ರಪಾತವೇ ಗತಿ. ಆ ನಿಲ್ಲುವುದನ್ನೇ ನಾವು ಹಟ ಅನ್ನುತ್ತೇವೆ. ಒಂದು ಚಳಿಗಾಲ ಕಾಕಾನ ಸಾಲಿನ ಮುಂದಿನ ಹೇಸರಗತ್ತೆ ಹಿಮದ ಹಾದಿಯಲ್ಲಿ ನಿಂತುಬಿಟ್ಟಿತಂತೆ. ಹಿಂದಿನವರು ಹೊಡಿ ಹೊಡಿ ಎಂದು ಕೂಗಿದರು. ಕಾಕಾ ಕೋಲಿನಿಂದ ಮುಂದಿನ ಹಿಮ ಚುಚ್ಚಿ ನೋಡಿದರೆ ಕೋಲು ಪೂರ್ತಿ ಒಳಗೆ ಹೋಯಿತು, ಕೆಳಗೆ ನೆಲವೇ ಇರಲಿಲ್ಲ. "ಹೇಸರಗತ್ತಿ ಹಟಾ ಮಾಡೂದಿಲ್ಲ ತಮ್ಮಾ, ಲೆಕ್ಕಾ ಮಾಡತೈತಿ." ಅವರ ಕಂಪನಿಗಳಲ್ಲಿ ಪೆಡೊಂಗಿ ಎಂಬ ಹೇಸರಗತ್ತೆಯ ಹೆಸರು ಗೊತ್ತಿಲ್ಲದವರಿಲ್ಲ. 1971ರ ಯುದ್ಧದಲ್ಲಿ ಪಾಕಿಸ್ತಾನಿ ಸೈನಿಕರ ಕೈಗೆ ಸಿಕ್ಕ ಅದು, ಅವರು ಹೇರಿದ ಹೊರೆಯ ಸಮೇತ ತಪ್ಪಿಸಿಕೊಂಡು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಡೆದು ತನ್ನ ತುಕಡಿಗೆ ಬಂದು ಸೇರಿತು. ಅತಿ ದೀರ್ಘಕಾಲ ದುಡಿದ ಸೇನಾ ಹೇಸರಗತ್ತೆ ಎಂದು ಗಿನ್ನೆಸ್ ದಾಖಲೆಯಲ್ಲೂ ಹೆಸರಿದೆ. ಹೊಡೆತದ ಭಯಕ್ಕೆ ದುಡಿಯುವ ಪ್ರಾಣಿ ಹೀಗೆ ಮರಳಿ ಬರುತ್ತದೆಯೇ ಅನ್ನುವುದು ಕಾಕಾನ ಪ್ರಶ್ನೆ.

ಪಾಲಖಿಯ ದಿನಗಳಲ್ಲಿ ನನಗೆ ಇನ್ನೊಂದು ಸಂಶಯ ಬಂತು. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರ ಪಾಲಖಿಯ ಜೊತೆ ಎರಡು ಕುದುರೆ ಇರುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದು ಖಾಲಿ, ಅದರ ಮೇಲೆ ಮಾವುಲಿಯೇ ಕೂತಿದ್ದಾನೆಂದು ನಂಬಿಕೆ. ಪುಣೆಯ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ, ಆ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರಕಾರರ ವಾಡೆಯಿಂದ. ಪ್ರತಿವರ್ಷ ಅಲ್ಲಿಂದ ಆಳಂದಿಗೆ ನಡೆದೇ ಬರುತ್ತವೆ. ರಿಂಗಣದಲ್ಲಿ ಲಕ್ಷಾಂತರ ಜನರ ನಡುವೆ, ತಾಳ ಮೃದಂಗಗಳ ಆ ಸದ್ದಿನಲ್ಲಿ ಸುತ್ತು ಓಡುತ್ತವೆ. ಜನ ಗೊರಸಿನ ಧೂಳಿಗಾಗಿ ಮುಗಿಬೀಳುತ್ತಾರೆ. ಅವು ಹೆದರುವುದಿಲ್ಲ, ರಾಣಿ ಬಕೆಟ್ಟಿಗೆ ಹೆದರುತ್ತಾಳೆ, ಯಾಕೆ?

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಅವು ಸದ್ದಿನ ಕಡೆಗೆ ತಾವೇ ನಡೆದುಕೊಂಡು ಬಂದಿರುತ್ತವೆ, ದಿನಕ್ಕಿಷ್ಟು ಅಂತ, ಗುರುತಿನ ಜನರ ಜೊತೆ. ಇದರ ಮೈಮೇಲೆ ಸದ್ದೇ ಬಂದು ಬಿತ್ತು.

ಗ್ರೀಕ್ ಸೇನಾಪತಿ ಕ್ಸೆನೊಫೋನ್ 2300 ವರ್ಷಗಳ ಹಿಂದೆ ಕುದುರೆ ಪಳಗಿಸುವ ಬಗ್ಗೆ ಬರೆದ ಪುಸ್ತಕದಲ್ಲೂ ಇದೇ ಇದೆ. ಕುದುರೆ ಯಾವುದಕ್ಕಾದರೂ ಬೆದರಿದರೆ ಹೊಡೆಯಬಾರದು, ಹೊಡೆದರೆ ಆ ವಸ್ತುವಿನ ಜೊತೆ ನೋವೂ ಸೇರಿಕೊಂಡು ಭಯ ಹೆಚ್ಚುತ್ತದೆ. ನೀನೇ ಆ ವಸ್ತುವನ್ನು ಮುಟ್ಟಿ ತೋರಿಸು, ಮೆಲ್ಲಗೆ ಹತ್ತಿರ ಒಯ್ಯಿ ಎನ್ನುತ್ತಾನೆ. ಇಷ್ಟು ಹಳೆಯ ವಿದ್ಯೆ ಮತ್ತೆ ಮತ್ತೆ ಕಳೆದುಹೋಗುತ್ತದಲ್ಲ ಅನ್ನಿಸುತ್ತದೆ. ನಡುವೆ ಚಮತ್ಕಾರದವರೂ ಬಂದು ಹೋಗಿದ್ದಾರೆ. ಅಮೆರಿಕದ ಜಾನ್ ರೇರಿ 1858ರಲ್ಲಿ ಇಂಗ್ಲೆಂಡಿನಲ್ಲಿ ಕ್ರೂಸರ್ ಎಂಬ ಕೊಲೆಗಡುಕ ಕುದುರೆಯನ್ನು ಪಳಗಿಸಿದ, ವಿಕ್ಟೋರಿಯಾ ರಾಣಿಯಿಂದಲೂ ಶಹಬ್ಬಾಸ್ ಅನ್ನಿಸಿಕೊಂಡ. ಹೊಡೆಯದೆ ಪಳಗಿಸಿದ, ನಿಜ. ಆದರೆ ಮುಂಗಾಲನ್ನು ಮಡಿಸಿ ಪಟ್ಟಿಯಿಂದ ಕಟ್ಟಿ, ಕುದುರೆ ಸೋತು ಮಲಗುವವರೆಗೆ ಬಿಡದ ಪದ್ಧತಿ ಅದು. ಹೊಡೆಯದಿರುವುದೂ ಮೃದುವಾಗಿರುವುದೂ ಒಂದೇ ಅಲ್ಲ. ಯೂಟ್ಯೂಬಿನಲ್ಲಿ ಅರ್ಧ ಗಂಟೆಯಲ್ಲಿ ಕಾಡುಕುದುರೆಯ ಬೆನ್ನೇರುವವರನ್ನು ಕಂಡಾಗಲೆಲ್ಲ ನನಗೆ ಈಗ ಕುದುರೆಯ ಕಿವಿ ಎತ್ತ ಇದೆ ಎಂದು ನೋಡುವ ಚಟ ಹತ್ತಿದೆ.

ಆಗಸ್ಟಿನಲ್ಲಿ ಸದ್ದಿನ ಪಾಠ ಶುರುವಾಯಿತು. ಇದರಲ್ಲಿ ನನಗೂ ಕೆಲಸ ಸಿಕ್ಕಿತು. ಬ್ಲೂಟೂತ್ ಸ್ಪೀಕರ್ ತಂದು ಶೆಡ್ಡಿನಿಂದ ನೂರು ಹೆಜ್ಜೆ ದೂರ ಇಟ್ಟು, ರಾಣಿ ಹುರುಳಿ ತಿನ್ನುವ ಹೊತ್ತಿಗೆ ಬ್ಯಾಂಡಿನ ಸದ್ದು ಹಾಕುವುದು. ಕಾಕಾ ಬೆರಳೆತ್ತಿದರೆ ಒಂದು ಗೆರೆ ಹೆಚ್ಚು, ಕೈ ಮಡಿಸಿದರೆ ಬಂದ್. ರಾಣಿ ತಿನ್ನುವುದನ್ನು ನಿಲ್ಲಿಸಿದರೆ ನಾವು ಹೆಚ್ಚು ಮುಂದೆ ಹೋಗಿದ್ದೇವೆ ಅಂತ ಅರ್ಥ, ಎರಡು ಗೆರೆ ಹಿಂದಕ್ಕೆ ಬರಬೇಕು. ವಾರಕ್ಕೆ ಹತ್ತು ಹೆಜ್ಜೆ ಹತ್ತಿರ. ಈ ಕೆಲಸದಲ್ಲಿ ಬೇಗ ಮಾಡುವ ದಾರಿ ಯಾವುದೂ ಇಲ್ಲ. ನಮ್ಮ ವೃತ್ತಿಯವರಿಗೆ ಇದು ಅರಗುವುದು ಕಷ್ಟ.

ಹಗ್ಗ ಹಿಡಿಯುವ ಕೆಲಸ ಕಾಕಾ ತಮ್ಮಲ್ಲೇ ಇಟ್ಟುಕೊಂಡರು, ಭಾವೂಗೆ ಕೊಡಲಿಲ್ಲ. ಅದಕ್ಕೆ ಕಾರಣವಿತ್ತು. ಸ್ವೀಡನ್ನಿನಲ್ಲಿ ಒಂದು ಪ್ರಯೋಗ ಮಾಡಿದ್ದರು, 2009ರಲ್ಲಿ ಪ್ರಕಟವಾಯಿತು. ಮನುಷ್ಯ ಕುದುರೆಯನ್ನು ಹಿಡಿದುಕೊಂಡು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಯಬೇಕು. ನಾಲ್ಕನೇ ಸಲಕ್ಕೆ ಮೊದಲು ಅವನಿಗೆ, ಈ ಸಲ ಕುದುರೆಯ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ ಎಂದು ಹೇಳಿದರು. ಬಿಚ್ಚಲಿಲ್ಲ. ಆದರೂ ಮನುಷ್ಯನ ಎದೆಬಡಿತವೂ ಏರಿತು, ಏನೂ ಗೊತ್ತಿಲ್ಲದ ಕುದುರೆಯದೂ ಏರಿತು. ಸಾಲದ ಕಂತು ಎರಡು ತಿಂಗಳು ತಪ್ಪಿದ ಮನುಷ್ಯ ಹಗ್ಗ ಹಿಡಿದು, ಈಕೆ ಇವತ್ತಾದರೂ ಸುಮ್ಮನಿದ್ದಾಳೇ ಎಂದು ಉಸಿರು ಬಿಗಿಹಿಡಿದು ನಿಂತರೆ ಹಗ್ಗದ ಆ ತುದಿಗೆ ಏನು ಮುಟ್ಟುತ್ತದೆ? ಕಾಕಾ ಇದನ್ನು ಭಾವೂಗೆ ಹೀಗೆ ಹೇಳಲಿಲ್ಲ. ನೀವು ಹಿಂದೆ ನಿಂತು ಹಾಡು ಹೇಳಿ ಅಂದರು. ಭಾವೂ ಅಭಂಗ ಗುನುಗುತ್ತಿದ್ದರು. ಗುನುಗಬೇಕಾದರೆ ಉಸಿರು ಬಿಡಲೇಬೇಕಲ್ಲ.

ಗಣಪತಿ ಹಬ್ಬ ಬಂದಾಗ ಅರ್ಧ ಕಿಲೋಮೀಟರ್ ದೂರದಲ್ಲಿ ಢೋಲ್ ತಾಶಾ ಬಾರಿಸುತ್ತಿದ್ದರೂ ರಾಣಿ ಮೇವು ಬಿಡಲಿಲ್ಲ. ದಸರಾ ಹೊತ್ತಿಗೆ ಹಲಗಿ ಬಾರಿಸುವ ಹುಡುಗ ಎದುರಿಗೇ ನಿಂತು ಬಾರಿಸಿದ. ಅವಳು ಮೂಗು ಚಾಚಿ ಹಲಗಿಯನ್ನು ಮೂಸಿದಳು. ಎಡಗಡೆಯಿಂದ ಜೀನು ಹಾಕಿಸಿಕೊಂಡಳು, ಮಿನುಗುವ ದೀಪದ ಕೊಡೆ ಸಹಿಸಿದಳು, ಭಾವೂನ ಮಗನನ್ನು ಕೂರಿಸಿಕೊಂಡು ಊರ ಮಾರುತಿ ಗುಡಿಗೆ ಹೋಗಿಬಂದಳು. ಭಾವೂ ಪೇಡೆ ಹಂಚಿದರು.

ಉಳಿದದ್ದು ಪಟಾಕಿ. ಸ್ಪೀಕರಿನ ಪಟಾಕಿಗೆ ಅವಳು ಕಿವಿಯನ್ನೂ ತಿರುಗಿಸುತ್ತಿರಲಿಲ್ಲ. ದೀಪಾವಳಿಗೆ ಮೊದಲು ಒಂದು ಸಂಜೆ ಇನ್ನೂರು ಹೆಜ್ಜೆ ದೂರದಲ್ಲಿ ನಿಜವಾದ ಒಂದೇ ಒಂದು ಸಣ್ಣ ಪಟಾಕಿ ಹಚ್ಚಿದೆವು. ಅವಳ ಇಡೀ ಮೈ ಒಮ್ಮೆ ಅದುರಿತು. ಕಣ್ಣಿನ ಬಿಳಿ ಕಂಡಿತು, ಕತ್ತಿನಿಂದ ಬೆವರು ಇಳಿಯಿತು. ಕಾಕಾ ಹಗ್ಗ ಸಡಿಲ ಬಿಟ್ಟು ಜೊತೆಗೆ ನಡೆದರು. ಸ್ಪೀಕರಿನಿಂದ ಬರುವುದು ಸದ್ದು ಮಾತ್ರ. ನಿಜವಾದ ಪಟಾಕಿಯಲ್ಲಿ ಮಿಂಚಿದೆ, ಗಂಧಕದ ವಾಸನೆಯಿದೆ, ನೆಲದಿಂದ ಗೊರಸಿಗೆ ಏರುವ ಹೊಡೆತವಿದೆ. ಮೂರು ವಾರ ಮತ್ತೆ ಪ್ರಯತ್ನಿಸಿದರು. ಆಮೇಲೆ ಭಾವೂನನ್ನು ಕೂರಿಸಿಕೊಂಡು ಮರಾಠಿಯಲ್ಲಿ ಹೇಳಿದರು: ಬ್ಯಾಂಡಿಗೆ ಹೂಂ ಅಂದಿದ್ದಾಳೆ, ದೀಪಕ್ಕೆ ಹೂಂ ಅಂದಿದ್ದಾಳೆ, ಪಟಾಕಿಗೆ ಇಲ್ಲ ಅಂದಿದ್ದಾಳೆ.

ಭಾವೂ ಸಿಟ್ಟಾದರು. ಐದು ತಿಂಗಳು ಕಾದಿದ್ದೇನೆ, ಪಟಾಕಿಯಿಲ್ಲದ ಮದುವೆ ಎಲ್ಲಿದೆ ಎಂದರು. ಆ ಸಿಟ್ಟು ನ್ಯಾಯದ್ದೇ. ಮೃದುವಾಗಿ ಕಲಿಸುವುದರ ಬಗ್ಗೆ ಬರೆಯುವವರು ಈ ಘಟ್ಟವನ್ನು ಬೇಗ ದಾಟಿಬಿಡುತ್ತಾರೆ. ಪ್ರಾಣಿಯ ಮಾತು ಕೇಳುತ್ತೇವೆ ಅಂದಮೇಲೆ ಅದು ಬೇಡ ಅನ್ನಬಹುದು. ಆ ಬೇಡದ ಬೆಲೆಯನ್ನು ಯಾರೋ ತೆರಬೇಕು. ಕಾಕಾ ತೆರುವುದಿಲ್ಲ, ಶನಿವಾರ ಬಂದು ಹೋಗುವ ನಾನಂತೂ ತೆರುವುದಿಲ್ಲ. ದಿನಕ್ಕೆ 300 ರೂಪಾಯಿ ಮೇವು ಹಾಕುವವನು ತೆರಬೇಕು. ಕಂತಿಗೆ ಸ್ವಲ್ಪ ಹಣ ಕೊಡುತ್ತೇನೆಂದು ಹೇಳಿದೆ. ಭಾವೂ ತೆಗೆದುಕೊಳ್ಳಲಿಲ್ಲ, ಎರಡು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ.

ಮೂರನೆಯ ದಿನ ಹೊಸ ಕಾರ್ಡು ಅಚ್ಚು ಹಾಕಿಸಿಕೊಂಡು ಬಂದರು. ಕುದುರೆಯ ಚಿತ್ರ, ಫೋನ್ ನಂಬರು, ಕೆಳಗೆ ಕೆಂಪಕ್ಷರದಲ್ಲಿ ಮರಾಠಿಯಲ್ಲಿ ಒಂದು ಷರತ್ತು: ಪಟಾಕಿ ಹೊಡೆದರೆ ಕುದುರೆ ವಾಪಸ್. ಅಕಲೂಜದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆ ಸೀಜನ್ನಿನಲ್ಲಿ ಬುಕಿಂಗ್ ಅರ್ಧಕ್ಕಿಳಿಯಿತು. ಷರತ್ತು ಓದಿ ನಕ್ಕು ಹೋದವರಿದ್ದಾರೆ. ನಮಗೂ ಸಣ್ಣ ಮಗುವಿದೆ, ಪಟಾಕಿ ಬೇಡವೇ ಬೇಡ ಎಂದು ಒಪ್ಪಿದವರೂ ಇದ್ದಾರೆ.

ಡಿಸೆಂಬರಿನ ಒಂದು ಮದುವೆಯಲ್ಲಿ ಷರತ್ತಿಗೆ ಒಪ್ಪಿದ್ದವರೇ ಪಟಾಕಿ ಸರ ಹೊರಗೆ ತೆಗೆದರಂತೆ. ಇನ್ನೂ ಹಚ್ಚಿರಲಿಲ್ಲ. ಭಾವೂ ಮದುಮಗನಿಗೆ ಕೈಮುಗಿದು, ಕೆಳಗಿಳಿಸಿ, ಜರಿ ಮಡಿಸಿ ಹೆಗಲಿಗೆ ಹಾಕಿಕೊಂಡು ರಾಣಿಯನ್ನು ಹಿಡಿದು ಹೊರಟುಬಿಟ್ಟರು. ಮದುಮಗ ಮಂಟಪಕ್ಕೆ ನಡೆದೇ ಹೋದ. ಆ ಮದುವೆಯ ಬಾಕಿ ಹಣ ಇನ್ನೂ ಬಂದಿಲ್ಲ, ಫೋನ್ ಮಾಡಿದರೆ ಕಟ್ ಮಾಡುತ್ತಾರೆ. ಕಾಕಾ ಈಗ ಭಾವೂನ ಎರಡನೇ ಕುದುರೆಯ ಹತ್ತಿರ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಾರೆ. ಅದಕ್ಕೆ ಪಟಾಕಿಯ ಭಯವಿಲ್ಲ, ಲಾಳ ಹೊಡೆಯುವವನನ್ನು ಕಂಡರೆ ಆಗುವುದಿಲ್ಲ.